ದಲ್ಲಾಳಿ ಅಂಗಡಿಯ ಲೆಕ್ಕಕ್ಕೆ ಡಾಕರ್ ಬೇಕೇ?

ಮಂಡಿಪೇಟೆ: ದಾವಣಗೆರೆಯ ಮೆಕ್ಕೆಜೋಳದ ದಲ್ಲಾಳಿ ಅಂಗಡಿಗಳಿಗೆ ಲೆಕ್ಕದ ವೆಬ್ ಆ್ಯಪ್ ನಡೆಸುತ್ತಿದ್ದೇವೆ. ಮೊದಲು ಫೈಲುಗಳನ್ನು ಕೈಯಾರೆ ಸರ್ವರ್‌ಗೆ ಏರಿಸುತ್ತಿದ್ದೆವು. ಒಮ್ಮೆ ಒಂದು ಫೈಲ್ ಬಿಟ್ಟುಹೋಗಿ ತೂಕದ ಚೀಟಿಯೇ ಮುದ್ರಣವಾಗಲಿಲ್ಲ, ಲಾರಿಗಳು ಸಾಲುಗಟ್ಟಿದವು. ಈಗ ಬದಲಾವಣೆಗಳ ದಾಖಲೆ ಇಡುವ ಗಿಟ್‌ಗೆ ಕೋಡ್ ಸೇರಿಸಿದರೆ ಸಾಕು. ಮುಂದಿನ ಕೆಲಸವನ್ನು ತಾನಾಗಿ ಮಾಡುವ ಜೆಂಕಿನ್ಸ್ ಪರೀಕ್ಷೆ ನಡೆಸಿ, ಡಾಕರ್‌ನಿಂದ ಇಮೇಜ್ (ಆ್ಯಪ್ ಮತ್ತು ಅದಕ್ಕೆ ಬೇಕಾದುದೆಲ್ಲ ಸೇರಿದ ಗಂಟು) ಕಟ್ಟಿ, ಇಮೇಜ್‌ಗಳ ಉಗ್ರಾಣವಾದ ರಿಜಿಸ್ಟ್ರಿಗೆ ಕಳಿಸಿ, ಸರ್ವರ್‌ನಲ್ಲಿ ಹೊಸ ಕಂಟೇನರ್ (ಆ ಇಮೇಜ್‌ನಿಂದ ಓಡುವ ಆ್ಯಪ್) ಎಬ್ಬಿಸುತ್ತದೆ. ಇನ್ನೂ ಕೈಯಿಂದ ಮಾಡುವವರು ದಯವಿಟ್ಟು ನಿಲ್ಲಿಸಿ.

ಹಳೇಬೇರು: “ದಯವಿಟ್ಟು ನಿಲ್ಲಿಸಿ” ಎನ್ನಲು ನೀವು ಯಾರು ಸ್ವಾಮಿ? ಫೈಲು ನಕಲಿಸುವ ಆರ್‌ಸಿಂಕ್ ಆಜ್ಞೆ ಬದಲಾದ ಫೈಲುಗಳನ್ನು ತಾನೇ ಗುರುತಿಸಿ ಒಯ್ಯುತ್ತದೆ. ಹನ್ನೊಂದು ವರ್ಷದಿಂದ ಅದೊಂದೇ ಸಾಲು ನನ್ನ ಅನ್ನ.

ಮಂಡಿಪೇಟೆ: ಒಯ್ಯುತ್ತದೆ, ಸರಿ. ತಪ್ಪಾದರೆ ವಾಪಸ್ ತರುತ್ತದೆಯೇ? ನಮಗೆ ಹಿಂದಿನ ಇಮೇಜ್ ಇದೆ. ಸರ್ವರ್ ಸದಾ ‘ಲೇಟೆಸ್ಟ್’ ಎಂಬ ಟ್ಯಾಗ್ (ಹೆಸರಿನ ಚೀಟಿ) ಇರುವ ಇಮೇಜನ್ನು ಎಳೆದುಕೊಳ್ಳುತ್ತದೆ, ಅಷ್ಟೇ.

ಕೋಟೆಬಾಗಿಲು: ಚಿತ್ರದುರ್ಗದಿಂದ ಒಂದು ಪ್ರಶ್ನೆ. ಎಲ್ಲವೂ ಲೇಟೆಸ್ಟ್ ಆದರೆ ಹಿಂದಿನದು ಯಾವುದು? ಪ್ರತಿ ಸಲವೂ ಅದೇ ಚೀಟಿಯನ್ನು ಕಿತ್ತು ಹೊಸದಕ್ಕೆ ಅಂಟಿಸುತ್ತಿದ್ದೀರಿ, ಹಳೆಯದು ಹೆಸರಿಲ್ಲದೆ ಬಿದ್ದಿರುತ್ತದೆ.

ಮಂಡಿಪೇಟೆ: ಹೆಸರೇ ಲೇಟೆಸ್ಟ್. ಹೊಸದಲ್ಲದೆ ಇನ್ನೇನು? ಆರು ತಿಂಗಳಲ್ಲಿ ಒಮ್ಮೆಯೂ ಹಳೆಯದು ಬಂದಿಲ್ಲ.

ಕೋಟೆಬಾಗಿಲು: ನಾನು ಕೇಳಿದ್ದೇ ಬೇರೆ. ಇರಲಿ, ಇದಕ್ಕೂ ಉತ್ತರ ಕೊಡುತ್ತೇನೆ. ಟ್ಯಾಗ್ ಬರೆಯದಿದ್ದರೆ ಡಾಕರ್ ತಾನಾಗಿ ಹಾಕುವ ಹೆಸರು ಅದು, ಹೊಸದೆಂಬ ಖಾತರಿಯಲ್ಲ. ನಾಳೆ ಯಾರೋ 1.4 ಎಂದು ಟ್ಯಾಗ್ ಮಾಡಿ ಕಳಿಸಲಿ, ಲೇಟೆಸ್ಟ್ ಇದ್ದಲ್ಲೇ ಇರುತ್ತದೆ. ಕಮಿಟ್‌ನ, ಅಂದರೆ ಗಿಟ್‌ನಲ್ಲಿ ದಾಖಲಾದ ಆ ಬದಲಾವಣೆಯ, ಗುರುತನ್ನೇ ಟ್ಯಾಗ್ ಮಾಡಿ.

ಭದ್ರಾನಾಲೆ: “ಖಾತರಿಯಲ್ಲ” ಎಂದರೆ ಹೇಗೆ? ಲೇಟೆಸ್ಟ್ ಎಂದಿದ್ದರೆ, ಹಲವು ಸರ್ವರ್‌ಗಳ ಕಂಟೇನರ್‌ಗಳನ್ನು ನಿಭಾಯಿಸುವ ಕುಬರ್ನೆಟೀಸ್ ಪ್ರತಿ ಸಲವೂ ರಿಜಿಸ್ಟ್ರಿಯನ್ನು ಕೇಳಿಯೇ ಕಂಟೇನರ್ ಎಬ್ಬಿಸುತ್ತದೆ.

ಕೋಟೆಬಾಗಿಲು: ಇಲ್ಲಿ ಕುಬರ್ನೆಟೀಸ್ ಹೆಸರೆತ್ತಿದವರು ಯಾರು? ಇರುವುದು ಒಂದು ಸರ್ವರ್! ಓದಿ ಬರೆಯಿರಿ.

ಭದ್ರಾನಾಲೆ: ಓದಿದ್ದೇನೆ. ಸಿಟ್ಟು ಏಕೆ?

ಹಳೇಬೇರು: ಒಂದು ಹೆಸರಿನ ಅರ್ಥಕ್ಕೇ ಇಷ್ಟು ಜಗಳ. 2020ರ ನವೆಂಬರ್‌ನಲ್ಲಿ ಡಾಕರ್‌ನದೇ ರಿಜಿಸ್ಟ್ರಿಯಾದ ಡಾಕರ್ ಹಬ್, ಲಾಗಿನ್ ಆಗದವರು ಆರು ಗಂಟೆಗೆ 100 ಸಲ ಮಾತ್ರ ಇಮೇಜ್ ಇಳಿಸಿಕೊಳ್ಳಬಹುದು ಎಂದು ಮಿತಿ ಹಾಕಿತು. ಆರ್‌ಸಿಂಕ್‌ಗೆ ಮಿತಿ ಹಾಕಿದವರನ್ನು ತೋರಿಸಿ.

ಮಂಡಿಪೇಟೆ: ನಾವು ದಿನಕ್ಕೆ ಮೂರು ಸಲ ಕಟ್ಟುತ್ತೇವೆ. ನೂರು ಸಲ ಹುರಿಯಲು ಇದೇನು ಮಂಡಕ್ಕಿ ಭಟ್ಟಿಯೇ? ಡೇಟಾಬೇಸ್ ಪಾಸ್‌ವರ್ಡ್ ಕೂಡ ಇಮೇಜ್ ಕಟ್ಟುವ ಸೂಚನೆಗಳಿರುವ ಡಾಕರ್‌ಫೈಲ್‌ನಲ್ಲೇ ಇದೆ, ಬೇರೆ ಫೈಲ್ ಮರೆಯುವ ಭಯವೇ ಇಲ್ಲ.

ಕೋಟೆಬಾಗಿಲು: ಪಾಸ್‌ವರ್ಡ್ ಡಾಕರ್‌ಫೈಲ್‌ನಲ್ಲೇ? ಇಮೇಜ್ ಸಿಕ್ಕವರು ಅದರ ಹಿಸ್ಟರಿ (ಕಟ್ಟಿದ ಹಂತಗಳ ಪಟ್ಟಿ) ತೆಗೆದರೆ ಕಾಣುತ್ತದೆ. ಏಳು ಸುತ್ತು ಕಟ್ಟಿ ಕಿಂಡಿ ಬಿಟ್ಟಿದ್ದೀರಿ, ಕಾಯಲು ಓಬವ್ವನೂ ಇಲ್ಲ.

ಮಂಡಿಪೇಟೆ: ಕಿಂಡಿಯ ಕಥೆ ನಮಗೂ ಗೊತ್ತು, 1997ರವರೆಗೆ ನಾವೂ ನಿಮ್ಮ ಜಿಲ್ಲೆಯವರೇ. ಪಾಸ್‌ವರ್ಡ್ ಇವತ್ತು ಬದಲಾಯಿಸುತ್ತಿದ್ದೇನೆ, ಅದು ಹೇಗೂ ಹಳೆಯದಾಗಿತ್ತು. ಕಮಿಟ್ ಗುರುತು ಹಾಕಬೇಕೆಂದು ನಿನ್ನೆಯೇ ಯೋಚಿಸಿದ್ದೆ. ಲೇಟೆಸ್ಟ್ ವಿಷಯದಲ್ಲಿ ಮಾತ್ರ ನಾನು ಹೇಳಿದ್ದೇ ಸರಿ.