ಘಾಟಿ ಹತ್ತುವಾಗ ಕಾರು ಹೀಟ್ ಆಗುತ್ತಿದೆ (ಸೆಕೆಂಡ್ ಹ್ಯಾಂಡ್, 78,000 ಕಿ.ಮೀ.)

ಮೂಡಿಗೆರೆ_ಮಳೆ:
ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹಿಂದೆ 2015ರ ಪೆಟ್ರೋಲ್ ಕಾರು ತಗೊಂಡೆ, 1.2 ಲೀಟರ್ ಎಂಜಿನ್. ಸಾಲ ಮಾಡಿ ಕೊಂಡ ಗಾಡಿ, ಇನ್ನೂ ಏಳೆಂಟು ವರ್ಷ ಓಡಬೇಕು. ಬಂದ ವಾರವೇ ಎಂಜಿನ್ ಆಯಿಲ್ ಮತ್ತು ಫಿಲ್ಟರ್‌ಗಳನ್ನು ಬದಲಾಯಿಸಿದೆ.

ಕಳೆದ ಭಾನುವಾರ ಅಪ್ಪ ಅಮ್ಮನನ್ನು ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗಿದ್ದೆ. ವಾಪಸ್ ಬರುವಾಗ ಚಾರ್ಮಾಡಿ ಘಾಟಿಯಲ್ಲಿ ಟೆಂಪರೇಚರ್ ಮುಳ್ಳು ಕೆಂಪಿನ ಹತ್ತಿರ ಹೋಯಿತು. ಎಸಿ ಆಫ್ ಮಾಡಿ, ನಿಲ್ಲಿಸಿ ನಿಲ್ಲಿಸಿ ಕೊಟ್ಟಿಗೆಹಾರ ಮುಟ್ಟಿದೆವು. ಊರಲ್ಲಿ ಓಡಿಸಿದರೆ ಏನೂ ಇಲ್ಲ. ಮುಳ್ಳು ಅರ್ಧಕ್ಕೂ ಬರುವುದಿಲ್ಲ, ಬೆಳಿಗ್ಗೆಯಂತೂ ಬಿಸಿಯಾಗಲು ತುಂಬಾ ಹೊತ್ತು ಬೇಕು. ಎಂಜಿನ್ ತಣ್ಣಗಿಡುವ ಕೂಲೆಂಟ್‌ನ ಡಬ್ಬಿಯಲ್ಲಿ ಚಹಾ ಬಣ್ಣದ ನೀರಿದೆ. ಎಂಜಿನ್ ಹೋಯಿತಾ?

ಹಳೇಗಾಡಿ_ಹಾಸನ:
ಗಾಬರಿಯಾಗಬೇಡಿ. ಟ್ರಾಫಿಕ್‌ನಲ್ಲಿ ನಿಂತಾಗ ಹೀಟ್ ಆಗುತ್ತದಾ? ಎಸಿ ಹಾಕಿದರೆ ರೇಡಿಯೇಟರ್ ಫ್ಯಾನ್ ತಿರುಗುತ್ತದಾ? ಆಯಿಲ್ ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ನೊರೆ ಇದೆಯಾ?

ಮೂಡಿಗೆರೆ_ಮಳೆ:
ನಿಂತಾಗ ಹೀಟ್ ಆಗುವುದಿಲ್ಲ ಸರ್. ಫ್ಯಾನ್ ತಿರುಗುತ್ತದೆ. ನೊರೆ ಇಲ್ಲ, ಬಿಳಿ ಹೊಗೆಯೂ ಇಲ್ಲ.

ಹಳೇಗಾಡಿ_ಹಾಸನ:
ಹಾಗಾದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನೊಳಗೆ ಆಯಿಲ್, ಕೂಲೆಂಟ್ ಬೆರೆಯದಂತೆ ತಡೆಯುವ ಸೀಲ್) ಉಳಿದಿರುವ ಸಾಧ್ಯತೆಯೇ ಜಾಸ್ತಿ. ಚಹಾ ಬಣ್ಣ ಅಂದರೆ ತುಕ್ಕು. ಹಿಂದಿನವರು ಕೂಲೆಂಟ್ ಬದಲು ಬೋರ್‌ವೆಲ್ ನೀರು ಹಾಕುತ್ತಿದ್ದಿರಬೇಕು. ಗೀಸರ್ ಕಾಯಿಲ್‌ಗೆ ಬಿಳಿ ಉಪ್ಪು ಕಟ್ಟುತ್ತದೆ ಅಲ್ವಾ, ರೇಡಿಯೇಟರ್ ಒಳಗಿನ ಸಣ್ಣ ಕೊಳವೆಗಳಲ್ಲೂ ಹಾಗೇ ಕಟ್ಟುತ್ತದೆ. ಸಮತಟ್ಟು ರಸ್ತೆಗೆ ಅರ್ಧ ರೇಡಿಯೇಟರ್ ಸಾಕು, ಘಾಟಿಯಲ್ಲಿ ಸಾಲುವುದಿಲ್ಲ.

ನನಗೆ ಅನುಮಾನ ಬಂದಿದ್ದು ನಿಮ್ಮ ಇನ್ನೊಂದು ಮಾತಿಗೆ. ಊರಲ್ಲಿ ಮುಳ್ಳು ಏರುವುದೇ ಇಲ್ಲ ಅಂದಿರಿ. ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗುವ ತನಕ ಕೂಲೆಂಟನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ವಾಲ್ವ್, ಅದನ್ನೇ ಕಿತ್ತು ಹಾಕಿರಬಹುದು. ಹೀಟ್ ಆಗುವ ಗಾಡಿಗೆ ಕೆಲವರು ಇದೇ ಮದ್ದು ಮಾಡುತ್ತಾರೆ. ಅದು ತಪ್ಪು. ಎಂಜಿನ್ ಸದಾ ತಣ್ಣಗೆ ಓಡಿದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಬೇಗ ಸವೆಯುತ್ತದೆ.

ಗಾಡಿ ಪೂರ್ತಿ ತಣ್ಣಗಾದ ಮೇಲೆ ಹಳೇ ನೀರು ಬಸಿಯಿರಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ, ಮುಖ ಸುಟ್ಟುಕೊಂಡವರನ್ನು ನೋಡಿದ್ದೇನೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತುಂಬಿ, ಎಂಜಿನ್ ಓಡಿಸಿ, ಆರಿದ ಮೇಲೆ ಮತ್ತೆ ಬಸಿಯಿರಿ. ತಿಳಿ ನೀರು ಬರುವ ತನಕ ಮಾಡಿ. ಹೊಸ ಥರ್ಮೋಸ್ಟಾಟ್, ಹೊಸ ಮುಚ್ಚಳ ಹಾಕಿಸಿ. ಮುಚ್ಚಳ ಒಳಗಿನ ಒತ್ತಡ ಹಿಡಿದಿಡುತ್ತದೆ, ಅದರಿಂದ ಕೂಲೆಂಟ್ 100 ಡಿಗ್ರಿ ದಾಟಿದರೂ ಸುಲಭವಾಗಿ ಕುದಿಯುವುದಿಲ್ಲ. ಆಮೇಲೆ ಮ್ಯಾನ್ಯುಯಲ್‌ನಲ್ಲಿ ಹೇಳಿದ ಕೂಲೆಂಟನ್ನೇ ಹಾಕಿ. ನೀರು ಬೆರೆಸುವ ಬಗೆಯದಾದರೆ ಸಾಮಾನ್ಯವಾಗಿ ಅರ್ಧಕ್ಕರ್ಧ.

ಕಾಫಿತೋಟ:
ಒಂದು ಮಾತು. ಬಸಿದ ಕೂಲೆಂಟನ್ನು ಅಂಗಳಕ್ಕೆ ಚೆಲ್ಲಬೇಡಿ. ಸಿಹಿ ಇರುತ್ತದೆ, ನಾಯಿ ಅಥವಾ ಕರು ನೆಕ್ಕಿದರೆ ಜೀವಕ್ಕೇ ಅಪಾಯ. ಕ್ಯಾನ್‌ಗೆ ಹಿಡಿದು ಗ್ಯಾರೇಜಿಗೆ ಕೊಡಿ.

ಮೂಡಿಗೆರೆ_ಮಳೆ:
ಹಳೇಗಾಡಿ ಸರ್, ನೀವು ಹೇಳಿದ್ದೇ ನಿಜ. ಥರ್ಮೋಸ್ಟಾಟ್ ಇರಬೇಕಾದ ಜಾಗ ಖಾಲಿ ಇತ್ತು! ಮುಚ್ಚಳದ ರಬ್ಬರ್ ಕೂಡ ಸೀಳಿತ್ತು. ಐದು ಸಲ ತೊಳೆದ ಮೇಲೆ ತಿಳಿ ನೀರು ಬಂತು. ನಿನ್ನೆ ನಾಲ್ಕು ಜನ ಕೂತು, ಎಸಿ ಹಾಕಿಕೊಂಡೇ ಚಾರ್ಮಾಡಿ ಹತ್ತಿದೆವು. ಮುಳ್ಳು ಅರ್ಧಕ್ಕೆ ಬಂದು ಅಲ್ಲೇ ನಿಂತಿತ್ತು. ಅಪ್ಪ ದಾರಿಯುದ್ದಕ್ಕೂ ಅದನ್ನೇ ನೋಡುತ್ತಿದ್ದರು.

ಬ್ರೇಕ್ ಆಯಿಲ್ ಕೂಡ ಕಪ್ಪಗಿದೆ. ಬದಲಾಯಿಸಲಾ?

ಹಳೇಗಾಡಿ_ಹಾಸನ:
ತುಂಬಾ ಖುಷಿಯಾಯಿತು. ಬ್ರೇಕ್ ಆಯಿಲ್ ಈ ವಾರವೇ ಬದಲಾಯಿಸಿ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಆ ನೀರು ಕುದಿದು ಪೆಡಲ್ ಮೆತ್ತಗಾಗುತ್ತದೆ. ಗಾಡಿ ಕಡಿಮೆ ಓಡಿದ್ದರೂ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಘಾಟಿ ಇಳಿಯುವಾಗ ಎರಡನೇ ಗೇರ್‌ನಲ್ಲಿ ಬನ್ನಿ. ಒಂದು ತಿಂಗಳು ಪ್ರತಿ ಭಾನುವಾರ ಬೆಳಿಗ್ಗೆ ಕೂಲೆಂಟ್ ಮಟ್ಟ ನೋಡಿ. ಇಳಿಯುತ್ತಿದ್ದರೆ ಇಲ್ಲೇ ಬರೆಯಿರಿ.