ಮನೆ ನ್ಯೂಜೆರ್ಸಿ, ಕೆಲಸ ಫಿಲಡೆಲ್ಫಿಯಾ: ಮಗಳಿಗೆ ಎರಡು ಕಡೆ ಟ್ಯಾಕ್ಸಾ?

ಕಿನ್ನಿಮೂಲ್ಕಿ:
ನಮಸ್ಕಾರ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವ ನಾನು, ಉಡುಪಿಯಲ್ಲಿದ್ದೇನೆ. ಮಗಳು ಅಮೆರಿಕದಲ್ಲಿ, ಒಬ್ಬಳೇ ಇರುವುದು. ಮನೆ ನ್ಯೂಜೆರ್ಸಿಯ ಚೆರಿ ಹಿಲ್‌ನಲ್ಲಿ, ಕೆಲಸ ಡೆಲವೇರ್ ಹೊಳೆಯ ಆಚೆ, ಪೆನ್ಸಿಲ್ವೇನಿಯಾ ರಾಜ್ಯದ ಫಿಲಡೆಲ್ಫಿಯಾದಲ್ಲಿ. ದಿನಾ ರೈಲಲ್ಲಿ ಸೇತುವೆ ದಾಟಿ ಹೋಗಿ ಬರ್ತಾಳೆ. 2024ರ ಡಬ್ಲ್ಯೂ-2, ಅಂದರೆ ವರ್ಷದ ಸಂಬಳ ಮತ್ತು ಕಡಿದ ತೆರಿಗೆಯ ಚೀಟಿ, ಅದರ ಫೋಟೋ ಕಳಿಸಿದ್ದಾಳೆ. ಸಂಬಳ 70,000 ಡಾಲರ್. 15ನೇ ಬಾಕ್ಸಿನಲ್ಲಿ ಪೆನ್ಸಿಲ್ವೇನಿಯಾ ಅಂತ ಉಂಟು, 17ರಲ್ಲಿ ರಾಜ್ಯದ ತೆರಿಗೆ ಅಂತ 2,149. ಕೆಳಗೆ 19ರಲ್ಲಿ ಊರಿನ ತೆರಿಗೆ ಅಂತ 2,408. ಈಗ ನ್ಯೂಜೆರ್ಸಿಗೂ ಬೇರೆ ಕಟ್ಟಬೇಕಾ? "ಅಪ್ಪ, ನೀವು ಬ್ಯಾಂಕಲ್ಲಿದ್ದವರಲ್ವಾ" ಅಂತ ಕೇಳ್ತಾಳೆ. ನನಗೆ ಗೊತ್ತಿರುವುದು ಇಲ್ಲಿಯ ಲೆಕ್ಕ ಮಾತ್ರ. ಏಪ್ರಿಲ್ 15 ಕೊನೆಯ ದಿನವಂತೆ. ತಿಳಿದವರು ದಯವಿಟ್ಟು ಹೇಳಿ.

ಪಡುಬಿದ್ರಿ:
ಕಟ್ಟಬೇಕು ಸರ್. ನನ್ನ ತಮ್ಮ ನ್ಯೂಜೆರ್ಸಿಯಲ್ಲಿದ್ದುಕೊಂಡು ನ್ಯೂಯಾರ್ಕಿಗೆ ಕೆಲಸಕ್ಕೆ ಹೋಗುವುದು. ಮೊದಲು ನ್ಯೂಯಾರ್ಕಿಗೆ ಕಟ್ಟಿ, ಅದನ್ನು ತೋರಿಸಿ ನ್ಯೂಜೆರ್ಸಿಯಲ್ಲಿ ಕಡಿಮೆ ಮಾಡಿಸಿಕೊಳ್ತಾನೆ. ಪ್ರತಿ ವರ್ಷ ಎರಡೂ ರಾಜ್ಯಕ್ಕೆ ರಿಟರ್ನ್.

ಮಂಜೇಶ್ವರದವಳು:
ಸರ್, ನಿಮ್ಮ ಮಗಳ ವಿಷಯ ಹಾಗಲ್ಲ. ನಾನು ಮಂಗಳೂರಿನ ಒಂದು ಆಫೀಸಿನಲ್ಲಿ ಅಮೆರಿಕದ ಕಂಪನಿಗಳ ಪೇರೋಲ್ ಮಾಡುವವಳು, ಒಂಬತ್ತು ವರ್ಷವಾಯ್ತು. ನ್ಯೂಜೆರ್ಸಿಗೂ ನ್ಯೂಯಾರ್ಕಿಗೂ ತೆರಿಗೆ ಒಪ್ಪಂದ ಇಲ್ಲ. ನ್ಯೂಜೆರ್ಸಿಗೂ ಪೆನ್ಸಿಲ್ವೇನಿಯಾಕ್ಕೂ 1977ರಿಂದ ಉಂಟು. ಹೊಳೆಯ ಯಾವ ದಡದಲ್ಲಿ ದುಡಿದರೂ ಸಂಬಳದ ಮೇಲಿನ ರಾಜ್ಯ ತೆರಿಗೆ ಮನೆ ಇರುವ ರಾಜ್ಯಕ್ಕೇ. 2016ರಲ್ಲಿ ನ್ಯೂಜೆರ್ಸಿಯ ಆಗಿನ ಗವರ್ನರ್ ಕ್ರಿಸ್ ಕ್ರಿಸ್ಟಿ ಇದನ್ನು ರದ್ದು ಮಾಡ್ತೇನೆ ಅಂತ ಹೊರಟಿದ್ದರು, ಕೆಲವೇ ತಿಂಗಳಲ್ಲಿ ಹಿಂದೆ ತೆಗೆದುಕೊಂಡರು. ಒಪ್ಪಂದ ಈಗಲೂ ಜಾರಿಯಲ್ಲಿದೆ.

ಅಂದರೆ ಆ 2,149 ಡಾಲರ್ ಕಡಿಯಲೇಬಾರದಿತ್ತು. ಕೆಲಸಕ್ಕೆ ಸೇರುವಾಗ ಆರ್‌ಇವಿ-419 ಅನ್ನುವ ಫಾರ್ಮ್, ಅಂದರೆ ಮನೆ ನ್ಯೂಜೆರ್ಸಿಯಲ್ಲಿದೆ, ಪೆನ್ಸಿಲ್ವೇನಿಯಾ ತೆರಿಗೆ ಕಡಿಯಬೇಡಿ ಅನ್ನುವ ಹಾಳೆ, ತುಂಬಿ ಕೊಡಬೇಕು. ಕೊಡದಿದ್ದರೆ ಕಂಪನಿ ಪೆನ್ಸಿಲ್ವೇನಿಯಾದ ಶೇ. 3.07 ಹಿಡಿದೇ ಹಿಡಿಯುತ್ತದೆ. ಇಂಥ ಡಬ್ಲ್ಯೂ-2 ಪ್ರತಿ ಜನವರಿ ನನ್ನ ಕಣ್ಣಿಗೆ ಬೀಳ್ತದೆ, ಬೇಜಾರಾಗ್ತದೆ. ತಿಂಗಳ ಬಾಡಿಗೆಗೆ ಒದ್ದಾಡುವ ಮಕ್ಕಳ ದುಡ್ಡು ಅದು. ಸೇರಿದ ದಿನ ಆ ಒಂದು ಹಾಳೆ ಯಾರೂ ಕೈಗೆ ಕೊಟ್ಟಿರುವುದಿಲ್ಲ.

19ನೇ ಬಾಕ್ಸಿನ 2,408 ಬೇರೆ. ಅದು ಫಿಲಡೆಲ್ಫಿಯಾ ಊರಿನದು, ಹೊರಗಿನಿಂದ ಬಂದು ದುಡಿಯುವವರಿಗೆ 2024ರಲ್ಲಿ ಶೇ. 3.44 ಇತ್ತು. ಒಪ್ಪಂದ ಅದನ್ನು ಮುಟ್ಟುವುದಿಲ್ಲ, ವಾಪಸೂ ಬರುವುದಿಲ್ಲ. ಆದರೆ ನ್ಯೂಜೆರ್ಸಿ ರಿಟರ್ನಿನ ಎನ್‌ಜೆ-ಸಿಒಜೆ ಶೆಡ್ಯೂಲಿನಲ್ಲಿ (ಬೇರೆ ಕಡೆ ಕಟ್ಟಿದ ತೆರಿಗೆಯ ಪಟ್ಟಿ) ಅದನ್ನು ತೋರಿಸಿ ನ್ಯೂಜೆರ್ಸಿ ತೆರಿಗೆಯಲ್ಲಿ ಕಳೆಯಲಿಕ್ಕೆ ಆಗ್ತದೆ. ಒಬ್ಬಳೇ ಇದ್ದು 70,000 ಸಂಬಳ ಅಂದರೆ, ಬೇರೆ ಕಡಿತ ಇಲ್ಲದಿದ್ದರೆ, ನ್ಯೂಜೆರ್ಸಿ ತೆರಿಗೆ ಸುಮಾರು 2,320 ಡಾಲರ್. ಊರಿಗೆ ಕಟ್ಟಿದ್ದು ಅದಕ್ಕಿಂತ ಹೆಚ್ಚು. ಹಾಗಾಗಿ ನ್ಯೂಜೆರ್ಸಿಗೆ ಕಟ್ಟಲಿಕ್ಕೆ ಏನೂ ಉಳಿಯುವುದಿಲ್ಲ, ಪೆನ್ಸಿಲ್ವೇನಿಯಾದ 2,149 ಪೂರ್ತಿ ಕೈಗೆ. ಸಂಬಳ ಒಂದು ಲಕ್ಷ ಡಾಲರ್ ಮುಟ್ಟಿದರೆ ನ್ಯೂಜೆರ್ಸಿಗೂ ಸ್ವಲ್ಪ ಬಾಕಿ ಬರ್ತದೆ, ಅದು ಆಗಿನ ಮಾತು.

ಮೊದಲು ನ್ಯೂಜೆರ್ಸಿ ರಿಟರ್ನ್, ಎನ್‌ಜೆ-1040, ತುಂಬಲಿ. ಅದರ ಪ್ರತಿ ಜೊತೆಗಿಟ್ಟು ಪೆನ್ಸಿಲ್ವೇನಿಯಾಕ್ಕೆ ಅಲ್ಲಿಯ ರಿಟರ್ನ್ ಪಿಎ-40 ಹಾಕಿ ರಿಫಂಡ್ ಕೇಳಲಿ. ಆರ್‌ಇವಿ-419 ಮಾತ್ರ ನಾಳೆಯೇ ಆಫೀಸಿಗೆ ಕೊಡಲಿ, ಇಲ್ಲದಿದ್ದರೆ ಈ ವರ್ಷವೂ ಹೀಗೇ ಕಡಿತಾರೆ.

ಪಡುಬಿದ್ರಿ:
ಗೊತ್ತಿರಲಿಲ್ಲ ಅಕ್ಕ, ತಪ್ಪು ಹೇಳಿದೆ. ಹಾಗಾದರೆ ನೀವು ದಿನಾ ಕೇರಳದಿಂದ ತಲಪಾಡಿ ದಾಟಿ ಬರುವುದಲ್ವಾ, ನಿಮಗೆ ಇಂಥ ತಾಪತ್ರಯ ಇಲ್ವಾ?

ಮಂಜೇಶ್ವರದವಳು:
ಇಲ್ಲ. ನಮ್ಮಲ್ಲಿ ಸಂಬಳದ ಆದಾಯ ತೆರಿಗೆ ಕೇಂದ್ರದ್ದು, ಗಡಿಯ ಯಾವ ಬದಿಯಲ್ಲಿ ಮಲಗಿದರೂ ಒಂದೇ. ವೃತ್ತಿ ತೆರಿಗೆ ಮಾತ್ರ ರಾಜ್ಯದ್ದು. ನನ್ನ ಸ್ಲಿಪ್ಪಿನಲ್ಲಿ ಅದು ಕರ್ನಾಟಕಕ್ಕೆ ಹೋಗ್ತದೆ. ಅದಕ್ಕೂ ಸಂವಿಧಾನದ 276ನೇ ವಿಧಿಯಲ್ಲಿ ವರ್ಷಕ್ಕೆ 2,500ರ ಮಿತಿ ಉಂಟು. ಅಮೆರಿಕದಲ್ಲಿ ಹಾಗಲ್ಲ, ಕೇಂದ್ರದ್ದರ ಜೊತೆ ಹೆಚ್ಚಿನ ರಾಜ್ಯಗಳೂ ಆದಾಯ ತೆರಿಗೆ ಹಾಕ್ತವೆ. ಅದಕ್ಕೇ ಒಪ್ಪಂದ ಬೇಕಾಗುವುದು.

ಕಿನ್ನಿಮೂಲ್ಕಿ:
ತುಂಬಾ ಉಪಕಾರವಾಯ್ತಮ್ಮ. ನೀವು ಬರೆದದ್ದನ್ನು ರಾತ್ರಿ ಫೋನಿನಲ್ಲಿ ಮಗಳಿಗೆ ಓದಿ ಹೇಳಿದೆ. ಫಾರ್ಮ್ ಪ್ರಿಂಟ್ ತೆಗೆದಿಟ್ಟಿದ್ದಾಳೆ. ಒಂದು ಮಾತು. ಅವಳು ಕೆಲಸಕ್ಕೆ ಸೇರಿದ್ದು 2023ರ ಆಗಸ್ಟಿನಲ್ಲಿ. ಆ ವರ್ಷದ ಡಬ್ಲ್ಯೂ-2ನಲ್ಲೂ ಪೆನ್ಸಿಲ್ವೇನಿಯಾ ಅಂತಲೇ ಉಂಟು. ಆ ದುಡ್ಡು ಹೋದ ಹಾಗೆಯಾ?

ಮಂಜೇಶ್ವರದವಳು:
ಹೋಗಿಲ್ಲ ಸರ್. ರಿಫಂಡ್ ಕೇಳಲಿಕ್ಕೆ ಮೂರು ವರ್ಷ ಅವಕಾಶ ಉಂಟು. ಆ ವರ್ಷ ನ್ಯೂಜೆರ್ಸಿಗೆ ರಿಟರ್ನ್ ಹಾಕಿದ್ದಾಳಾ ಅಂತ ಮೊದಲು ಕೇಳಿ. ಹಾಕದಿದ್ದರೆ ಅದನ್ನು ಮುಗಿಸಿ, ಆಮೇಲೆ ಪೆನ್ಸಿಲ್ವೇನಿಯಾಕ್ಕೆ.