ಹತ್ತು ಸಲ ಅಳೆದರೂ ಅದೇ ತಪ್ಪು ಉತ್ತರ: ಪ್ರಯೋಗದ ದೋಷ, ಪೂರ್ವಗ್ರಹ ಕುರಿತು ಪ್ರಶ್ನೋತ್ತರ

ಪ್ರಶ್ನೆ: ಸರ್, ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷ ಕಂಡುಹಿಡಿಯುವ ಪ್ರಯೋಗ ಮಾಡುತ್ತಿದ್ದೇನೆ. ಲೋಲಕದ ಉದ್ದ 100 ಸೆಂ.ಮೀ., 20 ಆಂದೋಲನಕ್ಕೆ ಸುಮಾರು 38.1 ಸೆಕೆಂಡ್. ಹತ್ತು ಸಲ ಮಾಡಿದೆ. ಪ್ರತಿ ಸಲವೂ 10.8, 10.9ರ ಆಸುಪಾಸಿನಲ್ಲೇ ಬರುತ್ತದೆ, 9.8 ಬರುವುದೇ ಇಲ್ಲ. ರೀಡಿಂಗ್‌ಗಳು ಇಷ್ಟು ಹತ್ತಿರ ಇವೆಯಲ್ಲ, ಅಳತೆ ಸರಿಯೇ ಇರಬೇಕಲ್ಲವೇ? ಇನ್ನೂ ಹತ್ತು ಸಲ ಮಾಡಿ ಸರಾಸರಿ ತೆಗೆಯಲೇ?

ಉತ್ತರ (ಭೌತಶಾಸ್ತ್ರ): ನೂರು ಸಲ ಮಾಡಿದರೂ ಅದು 10.87ರ ಸುತ್ತಲೇ ಸುತ್ತುತ್ತದೆ. ರೀಡಿಂಗ್‌ಗಳು ಒಂದಕ್ಕೊಂದು ಹತ್ತಿರ ಇವೆ ಎಂದರೆ ಯಾದೃಚ್ಛಿಕ ದೋಷ (ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬರುವುದು) ಕಡಿಮೆ ಎಂದಷ್ಟೇ ಅರ್ಥ. ಎಲ್ಲವನ್ನೂ ಒಂದೇ ಕಡೆಗೆ ತಳ್ಳುವ ವ್ಯವಸ್ಥಿತ ದೋಷ ಇದೆಯೋ ಇಲ್ಲವೋ ಎಂಬುದು ಅದರಿಂದ ತಿಳಿಯುವುದಿಲ್ಲ.

ಮೊದಲು ದೋಷದ ದಿಕ್ಕು ಮತ್ತು ಗಾತ್ರ ನೋಡಿ, ಅರ್ಧ ಅನುಮಾನ ಅಲ್ಲೇ ಬಗೆಹರಿಯುತ್ತದೆ. ಗುಂಡನ್ನು ಜಾಸ್ತಿ ಎಳೆದು ಬಿಟ್ಟಿದ್ದೀರಾ? 20 ಡಿಗ್ರಿ ಎಳೆದರೆ ಆಂದೋಲನ ಕಾಲ (ಒಂದು ಆಂದೋಲನಕ್ಕೆ ಹಿಡಿಯುವ ಸಮಯ) ಸುಮಾರು ಶೇ 0.8 ಹೆಚ್ಚುತ್ತದೆ, ಆಗ ಉತ್ತರ ಶೇ 1.5ರಷ್ಟು ಕಡಿಮೆ ಬರಬೇಕು. ನಿಮ್ಮದು ಹೆಚ್ಚು ಬಂದಿದೆ, ಹಾಗಾಗಿ ಕಾರಣ ಅದಲ್ಲ. ಗುಂಡಿನ ಮಧ್ಯದ ಬದಲು ತಳದವರೆಗೆ ಉದ್ದ ಅಳೆದಿದ್ದೀರಾ? ಗುಂಡಿನ ತ್ರಿಜ್ಯ 1 ಸೆಂ.ಮೀ. ಎಂದಿಟ್ಟುಕೊಂಡರೂ ತಪ್ಪು ಶೇ 1 ಮಾತ್ರ. ನಿಮ್ಮ ತಪ್ಪು ಶೇ 11. ಬರೀ ಉದ್ದದಿಂದ ಇಷ್ಟು ತಪ್ಪಬೇಕಾದರೆ ಹೆಚ್ಚುಕಮ್ಮಿ 10 ಸೆಂ.ಮೀ. ತಪ್ಪಿ ಅಳೆದಿರಬೇಕು.

ಉಳಿಯುವುದು ಎಣಿಕೆ. ಸ್ಟಾಪ್‌ವಾಚ್ ಒತ್ತುವ ಕ್ಷಣಕ್ಕೆ ‘ಒಂದು’ ಎಂದು ಶುರುಮಾಡಿದರೆ, ‘ಇಪ್ಪತ್ತು’ ಎನ್ನುವ ಹೊತ್ತಿಗೆ ಮುಗಿದಿರುವುದು 19 ಆಂದೋಲನ. ಗುರುತ್ವ ವೇಗೋತ್ಕರ್ಷ ಆಂದೋಲನ ಕಾಲದ ವರ್ಗಕ್ಕೆ ವಿಲೋಮವಾಗಿರುವುದರಿಂದ, 20ನ್ನು 19ರಿಂದ ಭಾಗಿಸಿ ವರ್ಗ ಮಾಡಿದರೆ 1.108, ಅದನ್ನು 9.81ಕ್ಕೆ ಗುಣಿಸಿದರೆ 10.87. ನಿಮ್ಮ ಉತ್ತರ ಅದೇ.

ಲೆಕ್ಕ ಕೂಡಿಬಂತೆಂದು ಅಲ್ಲಿಗೇ ಬಿಡಬೇಡಿ, ಪರೀಕ್ಷಿಸಿ. ನೀವು ಎಣಿಸುತ್ತಿದ್ದ ರೀತಿಯಲ್ಲೇ 10, 20, 40 ಎಣಿಕೆಗಳಿಗೆ ಸಮಯ ತೆಗೆದುಕೊಳ್ಳಿ. ನನ್ನ ಊಹೆ ಸರಿಯಿದ್ದರೆ ಸುಮಾರು 18.05, 38.1, 78.2 ಸೆಕೆಂಡ್ ಬರುತ್ತದೆ. ಭಾಗಿಸಿದರೆ 1.805, 1.905, 1.955. ಲೋಲಕ ಅದೇ, ಆಂದೋಲನ ಕಾಲ ಮಾತ್ರ ಮೂರು ಬಗೆ! ಎಣಿಕೆ ಮತ್ತು ಸಮಯದ ಗ್ರಾಫ್ ಹಾಕಿ. ಗೆರೆ ಶೂನ್ಯದ ಮೂಲಕ ಹೋಗದೆ ಸಮಯದ ಅಕ್ಷವನ್ನು ಸೊನ್ನೆಗಿಂತ 2 ಸೆಕೆಂಡ್ ಕೆಳಗೆ ಮುಟ್ಟುತ್ತದೆ. ಆದರೆ ಗೆರೆಯ ಇಳಿಜಾರು 2.006, ಅದು ಸರಿಯಾದ ಬೆಲೆ. ಇನ್ನು ಮುಂದೆ ‘ಮೂರು, ಎರಡು, ಒಂದು, ಸೊನ್ನೆ’ ಎಂದು ಇಳಿಸಿ, ಸೊನ್ನೆಗೆ ಒತ್ತಿ. ಒತ್ತುವುದನ್ನು ಗುಂಡು ತುದಿಯಲ್ಲಿ ನಿಂತಾಗ ಮಾಡಬೇಡಿ, ನಡುವಿನ ಗುರುತನ್ನು ದಾಟುವಾಗ ಮಾಡಿ. ಅಲ್ಲಿ ವೇಗ ಹೆಚ್ಚು, ದಾಟಿದ ಕ್ಷಣ ಕಣ್ಣಿಗೆ ಸ್ಪಷ್ಟ.

ಇನ್ನೊಂದು ಮಾತು. ಉದ್ದಕ್ಕೆ ಪ್ರತಿಯಾಗಿ ಆಂದೋಲನ ಕಾಲದ ವರ್ಗದ ಗ್ರಾಫ್ ಹಾಕಿದರೆ ಎಲ್ಲ ತಪ್ಪೂ ಸಿಕ್ಕಿಬೀಳುತ್ತದೆ ಎಂದು ಹಲವರು ತಿಳಿದಿದ್ದಾರೆ. ಉದ್ದದ ಸ್ಥಿರ ತಪ್ಪು ಆ ಗ್ರಾಫ್‌ನಲ್ಲಿ ಸಿಕ್ಕಿಬೀಳುತ್ತದೆ ನಿಜ. ಎಣಿಕೆಯ ತಪ್ಪು ಸಿಗುವುದಿಲ್ಲ, ಏಕೆಂದರೆ ಅದು ಎಲ್ಲ ಬಿಂದುಗಳನ್ನೂ ಒಂದೇ ಅನುಪಾತದಲ್ಲಿ ಇಳಿಸುತ್ತದೆ, ಗೆರೆ ಶೂನ್ಯದ ಮೂಲಕವೇ ಹೋಗುತ್ತದೆ. ಯಾವ ಅಂಶದ ಮೇಲೆ ಅನುಮಾನವೋ ಅದನ್ನೇ ಬದಲಿಸಿ ನೋಡಬೇಕು.

ಪ್ರಶ್ನೆ: ಹಾಗಾದರೆ ಸರಾಸರಿ ತೆಗೆಯುವುದು ಯಾತಕ್ಕೆ?

ಉತ್ತರ (ಭೌತಶಾಸ್ತ್ರ): ಮೇಲೆ ಕೆಳಗೆ ಎರಡೂ ಕಡೆ ಬೀಳುವ ದೋಷಕ್ಕೆ. ಬೆರಳು ಒತ್ತುವುದರಲ್ಲಿ ಸುಮಾರು 0.2 ಸೆಕೆಂಡ್ ಆಚೀಚೆ ಆಗುತ್ತದಲ್ಲ, ಅಂಥದಕ್ಕೆ. ಸರಾಸರಿಯ ಅನಿಶ್ಚಿತತೆ ರೀಡಿಂಗ್ ಸಂಖ್ಯೆಯ ವರ್ಗಮೂಲದಂತೆ ಇಳಿಯುತ್ತದೆ: ಅರ್ಧವಾಗಲು 4 ಪಟ್ಟು ರೀಡಿಂಗ್, ಕಾಲುಭಾಗವಾಗಲು 16 ಪಟ್ಟು. ವ್ಯವಸ್ಥಿತ ದೋಷದ ಮುಂದೆ ಇದು ನಡೆಯುವುದಿಲ್ಲ. 2011ರಲ್ಲಿ ಒಪೆರಾ ಪ್ರಯೋಗದ ತಂಡಕ್ಕೆ ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣಗಳು ಬೆಳಕಿಗಿಂತ ಸುಮಾರು 60 ನ್ಯಾನೋಸೆಕೆಂಡ್ ಮೊದಲೇ ತಲುಪಿದಂತೆ ಕಂಡಿತು. ಆ ಫಲಿತಾಂಶದ ಹಿಂದೆ ಸಾವಿರಾರು ನ್ಯೂಟ್ರಿನೋಗಳ ದತ್ತಾಂಶ ಇತ್ತು, ಯಾದೃಚ್ಛಿಕ ದೋಷ ತೀರಾ ಕಡಿಮೆ. 2012ರಲ್ಲಿ ಮುಖ್ಯ ಕಾರಣ ಗೊತ್ತಾಯಿತು: ಸಮಯದ ಸಂಕೇತ ತರುವ ಆಪ್ಟಿಕಲ್ ಫೈಬರ್ ಕೇಬಲ್‌ನ ಒಂದು ಜೋಡಣೆ ಸರಿಯಾಗಿ ಬಿಗಿಯಾಗಿರಲಿಲ್ಲ.

ಪ್ರಶ್ನೆ: ಮೇಡಂ, ಟೈಟ್ರೇಷನ್‌ನಲ್ಲಿ (ಬಣ್ಣ ಬದಲಾಗುವವರೆಗೆ ಬ್ಯೂರೆಟ್ ಎಂಬ ಅಳತೆಗೊಳವೆಯಿಂದ ದ್ರಾವಣ ಹನಿಸುವ ಪ್ರಯೋಗ) ನನ್ನ ಮೂರೂ ರೀಡಿಂಗ್ 24.30 ಮಿ.ಲೀ. ಒಂದಿಷ್ಟೂ ವ್ಯತ್ಯಾಸ ಇಲ್ಲ. ಒಳ್ಳೆಯ ಕೆಲಸ ಎನ್ನಬಹುದೇ?

ಉತ್ತರ (ರಸಾಯನಶಾಸ್ತ್ರ): 0.1 ಮಿ.ಲೀ. ಒಳಗೆ ಹೊಂದಬೇಕು ಎಂಬುದು ಸಾಮಾನ್ಯ ನಿಯಮ. ಆದರೆ ಮೂರೂ ಎರಡನೇ ದಶಾಂಶದವರೆಗೆ ಒಂದೇ ಬಂದರೆ ನಾನು ಕೇಳುವುದು ಇಷ್ಟು: ಪ್ರತಿ ಸಲವೂ 0.00ಯಿಂದಲೇ ಶುರುಮಾಡಿದಿರಾ? ಮಾಡಿದ್ದರೆ ಎರಡನೇ ಸಲ ಎಲ್ಲಿ ನಿಲ್ಲಿಸಬೇಕೆಂದು ಮೊದಲೇ ಗೊತ್ತಿತ್ತು. 24.2 ದಾಟಿದ ಕೂಡಲೇ ಕೈ ನಿಧಾನವಾಗುತ್ತದೆ, ತಿಳಿಗುಲಾಬಿ ಬಣ್ಣ ಇನ್ನೂ ಅರೆಮನಸ್ಸಿನಲ್ಲಿ ಇರುವಾಗಲೇ ‘ಬಂತು’ ಅನಿಸುತ್ತದೆ. ಇದು ಮೋಸವಲ್ಲ. ಉತ್ತರ ಗೊತ್ತಿರುವ ಕಣ್ಣು ಹಾಗೆಯೇ ನೋಡುತ್ತದೆ.

ಪರಿಹಾರ ಸುಲಭ. ಒಮ್ಮೆ 0.00, ಒಮ್ಮೆ 1.35, ಒಮ್ಮೆ 0.80 ಎಂದು ಬೇರೆ ಬೇರೆ ಕಡೆಯಿಂದ ಆರಂಭಿಸಿ. ಮೊದಲ ಮತ್ತು ಕೊನೆಯ ರೀಡಿಂಗ್ ಬರೆದಿಡಿ, ಮೂರೂ ಮುಗಿಯುವವರೆಗೆ ಒಂದರಿಂದ ಇನ್ನೊಂದನ್ನು ಕಳೆದು ಲೆಕ್ಕ ಮಾಡಬೇಡಿ. ಕೊನೆಯ ಹಂತದಲ್ಲಿ ಅಳತೆ ಗುರುತುಗಳ ಕಡೆ ನೋಡದೆ ಫ್ಲಾಸ್ಕ್ ಮಾತ್ರ ನೋಡಿ. ಫ್ಲಾಸ್ಕ್ ಕೆಳಗೆ ಬಿಳಿ ಕಾಗದ ಇರಲಿ.

ಕಣ್ಣಿನ ಮಟ್ಟವನ್ನೂ ನೋಡಿಕೊಳ್ಳಿ. ಓರೆಯಾಗಿ ನೋಡುವುದರಿಂದ ಬರುವ ದೋಷ ಎರಡು ರೀಡಿಂಗ್‌ನಲ್ಲೂ ಇರುವುದರಿಂದ ಕಳೆದಾಗ ಹೋಗುತ್ತದೆ ಎನ್ನುವವರಿದ್ದಾರೆ. ಒಂದೇ ಕಡೆ ನಿಂತು ಓದಿದರೆ ಅದು ಹೋಗುವುದಿಲ್ಲ, ಕೂಡಿಕೊಳ್ಳುತ್ತದೆ. ಬ್ಯೂರೆಟ್ ಮೇಲ್ಭಾಗದ ಮೊದಲ ರೀಡಿಂಗನ್ನು ಕೆಳಗಿನಿಂದ ನೋಡುತ್ತೀರಿ, ಅದು ಹೆಚ್ಚು ಕಾಣುತ್ತದೆ. ಕೊನೆಯದನ್ನು ಮೇಲಿನಿಂದ ನೋಡುತ್ತೀರಿ, ಅದು ಕಡಿಮೆ ಕಾಣುತ್ತದೆ. ವ್ಯತ್ಯಾಸ ಎರಡು ಕಡೆಯಿಂದಲೂ ಕುಗ್ಗುತ್ತದೆ. ಬಗ್ಗಿ, ಕಣ್ಣನ್ನು ದ್ರವದ ತಗ್ಗಿನ ಮಟ್ಟಕ್ಕೇ ತಂದು ಓದಿ.

ಪ್ರಶ್ನೆ: ಒಂದು ದ್ರಾವಣದಿಂದ ಬೀಜ ಬೇಗ ಮೊಳೆಯುತ್ತದೆಯೇ ಎಂದು ನೋಡಬೇಕು. ಒಂದು ತಟ್ಟೆಯಲ್ಲಿ ದ್ರಾವಣ ಹಾಕಿದ 50 ಬೀಜ, ಇನ್ನೊಂದರಲ್ಲಿ ಬರೀ ನೀರು ಹಾಕಿದ 50. ಎಣಿಸುವವನು ನಾನೊಬ್ಬನೇ. ಸಾಕೇ?

ಉತ್ತರ (ಸಂಖ್ಯಾಶಾಸ್ತ್ರ): ಸಾಲದು. ಬೀಜ 50 ಇದ್ದರೂ ತಟ್ಟೆ ಒಂದೊಂದೇ. ಒಂದು ತಟ್ಟೆ ಕಿಟಕಿಗೆ ಹತ್ತಿರ ಇದ್ದು ಸ್ವಲ್ಪ ಬೆಚ್ಚಗಿದ್ದರೆ 50 ಬೀಜಕ್ಕೂ ಅದೇ ಲಾಭ. ಸಿಕ್ಕ ವ್ಯತ್ಯಾಸ ದ್ರಾವಣದ್ದೋ ಜಾಗದ್ದೋ ಬಿಡಿಸಲಾಗದು. ಅದೇ 100 ಬೀಜಗಳನ್ನು ಹತ್ತು ತಟ್ಟೆಗೆ ಹತ್ತರಂತೆ ಹಂಚಿ, ಐದಕ್ಕೆ ದ್ರಾವಣ, ಐದಕ್ಕೆ ನೀರು. ಯಾವ ತಟ್ಟೆಗೆ ಯಾವುದು, ಯಾವ ಜಾಗಕ್ಕೆ ಯಾವ ತಟ್ಟೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಕೈಗೆ ಬಂದಂತೆ ಇಡುವುದು ಯಾದೃಚ್ಛಿಕವಲ್ಲ, ಕೈಗೂ ಒಲವಿರುತ್ತದೆ. ಲೆಕ್ಕ ಮಾಡುವಾಗ ಪ್ರತಿ ತಟ್ಟೆ ಒಂದು ರೀಡಿಂಗ್: ಐದಕ್ಕೆ ಐದು, ಐವತ್ತಕ್ಕೆ ಐವತ್ತಲ್ಲ.

ಎಣಿಸುವವರಿಗೆ ಯಾವುದು ಯಾವುದೆಂದು ತಿಳಿಯಬಾರದು. ಇನ್ನೊಬ್ಬರು ತಟ್ಟೆಗಳಿಗೆ 1ರಿಂದ 10 ಸಂಖ್ಯೆ ಅಂಟಿಸಿ, ಸಂಕೇತದ ಪಟ್ಟಿಯನ್ನು ಲಕೋಟೆಯಲ್ಲಿ ಮುಚ್ಚಿಡಲಿ. ದ್ರಾವಣಕ್ಕೆ ಬಣ್ಣ, ವಾಸನೆ ಇದ್ದರೆ ಗುಟ್ಟು ಉಳಿಯುವುದಿಲ್ಲ, ಹಾಗಿದ್ದರೆ ಎಣಿಕೆಗೆ ಬರೀ ಫೋಟೊ ಕೊಡಿ, ಕಪ್ಪು ಬಿಳುಪಿನಲ್ಲಿ. ‘ಮೊಳೆತಿದೆ’ ಎಂದರೇನು ಎಂಬುದು ಮೊದಲೇ ಬರೆದಿರಲಿ: ಬೇರು 2 ಮಿ.ಮೀ. ಹೊರಬಂದರೆ ಮಾತ್ರ ಹೌದು. ಪೂರ್ವಗ್ರಹ ನುಸುಳುವುದು ಸಿಪ್ಪೆ ಬಿರಿದು ಬಿಳಿ ಚುಕ್ಕೆಯಷ್ಟೇ ಕಾಣುವ ಬೀಜಗಳಲ್ಲಿ.

ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. 1903ರಲ್ಲಿ ಫ್ರಾನ್ಸಿನ ಬ್ಲಾಂಡ್ಲೊ ಎಂಬ ಹೆಸರಾಂತ ಭೌತವಿಜ್ಞಾನಿ ‘ಎನ್ ಕಿರಣ’ ಕಂಡೆನೆಂದರು. ಮಂದ ಬೆಳಕು ಸ್ವಲ್ಪ ಹೆಚ್ಚಾಗುವುದನ್ನು ಕಣ್ಣಿನಿಂದ ನೋಡಿ ಹೇಳಬೇಕಿತ್ತು. ಮರುವರ್ಷ ಅದನ್ನು ಪರೀಕ್ಷಿಸಲು ಹೋದ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್, ಆ ಕಿರಣಗಳನ್ನು ಬಿಡಿಸಿ ತೋರಿಸಬೇಕಿದ್ದ ಪ್ರಿಸಂ ಅನ್ನೇ ಕತ್ತಲೆಯಲ್ಲಿ ಉಪಕರಣದಿಂದ ತೆಗೆದುಬಿಟ್ಟರು. ಆದರೂ ನೋಡುತ್ತಿದ್ದವರು ಮೊದಲಿನ ರೀಡಿಂಗ್‌ಗಳನ್ನೇ ಹೇಳುತ್ತಿದ್ದರು.

ಪ್ರಶ್ನೆ: ಒಂದು ರೀಡಿಂಗ್ ಬಹಳ ದೂರ ಬಿದ್ದರೆ ತೆಗೆದುಹಾಕಬಹುದೇ?

ಉತ್ತರ (ರಸಾಯನಶಾಸ್ತ್ರ): ಕಾರಣ ಗೊತ್ತಿದ್ದರೆ ತೆಗೆಯಿರಿ. ಬ್ಯೂರೆಟ್ ತುದಿಯಲ್ಲಿ ಗಾಳಿಗುಳ್ಳೆ ಇತ್ತು, ಬಿಸಿ ಕ್ರೂಸಿಬಲ್ (ಕಾಯಿಸುವ ಪುಟ್ಟ ಪಾತ್ರೆ) ಆರುವ ಮೊದಲೇ ತೂಗಿದ್ದರಿಂದ ತೂಕ ಕಡಿಮೆ ತೋರಿತು, ಇಂಥವು.

ಉತ್ತರ (ಸಂಖ್ಯಾಶಾಸ್ತ್ರ): ಒಪ್ಪುತ್ತೇನೆ, ಒಂದು ಷರತ್ತಿನ ಮೇಲೆ: ಆ ಗಾಳಿಗುಳ್ಳೆಯನ್ನು ಎಲ್ಲ ರೀಡಿಂಗ್‌ನಲ್ಲೂ ಹುಡುಕಿರಬೇಕು. ನಿರೀಕ್ಷೆಗೆ ಹೊಂದದ ರೀಡಿಂಗ್‌ಗೆ ಮಾತ್ರ ತನಿಖೆ ನಡೆಸಿ, ಹೊಂದಿದ್ದನ್ನು ಹಾಗೆಯೇ ಒಪ್ಪಿಕೊಂಡರೆ, ಫಲಿತಾಂಶ ನಿರೀಕ್ಷೆಯ ಕಡೆಗೇ ವಾಲುತ್ತದೆ. ಎಷ್ಟು ರೀಡಿಂಗ್‌ಗೆ ನಿಲ್ಲಿಸುತ್ತೀರಿ ಎಂಬುದಕ್ಕೂ ಇದೇ ಮಾತು. ಬೇಕಾದ ಉತ್ತರ ಬಂದ ದಿನ ನಿಲ್ಲಿಸುವುದು, ಇಪ್ಪತ್ತು ಬಗೆಯಲ್ಲಿ ಹೋಲಿಸಿ ಹೊಂದಿದ್ದನ್ನು ಮಾತ್ರ ತೋರಿಸುವುದು, ಎರಡೂ ಅದೇ ಜಾತಿಯವು. ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಶೇ 5ರ ಮಟ್ಟದಲ್ಲಿ (ಇಲ್ಲದ್ದನ್ನು ‘ಇದೆ’ ಎನ್ನುವ ಸಂಭವ ಪ್ರತಿ ಪರೀಕ್ಷೆಗೆ ಶೇ 5) 20 ಸ್ವತಂತ್ರ ಪರೀಕ್ಷೆ ಮಾಡಿದರೆ ಒಂದಾದರೂ ‘ಇದೆ’ ಎನ್ನುವ ಸಂಭವ ಶೇ 64.

ಆದ್ದರಿಂದ ಎಷ್ಟು ರೀಡಿಂಗ್, ಯಾವುದನ್ನು ಯಾವ ಕಾರಣಕ್ಕೆ ಬಿಡುತ್ತೇವೆ, ಯಾವ ಹೋಲಿಕೆ ಮುಖ್ಯ, ಈ ಮೂರನ್ನೂ ಮೊದಲ ರೀಡಿಂಗ್‌ಗೆ ಮುಂಚೆ ದಿನಾಂಕ ಹಾಕಿ ಬರೆಯಿರಿ. ಬಿಟ್ಟ ರೀಡಿಂಗನ್ನು ಅಳಿಸಬೇಡಿ. ಅಂಕಿ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಕಾರಣ ಬರೆಯಿರಿ. ವರದಿಯಲ್ಲಿ ಅದನ್ನು ಸೇರಿಸಿದಾಗ ಮತ್ತು ಬಿಟ್ಟಾಗ ಬರುವ ಎರಡೂ ಉತ್ತರಗಳನ್ನು ಕೊಡಿ.